ಸೊಟ್ಟ ಗೋಡೆಗಳ ಊರು

ನನಗೆ ಸೊಟ್ಟ ಕಂಡರೆ ಆಗುವುದಿಲ್ಲ. ಇದು ಗುಣವೋ ಜಾಡ್ಯವೋ ಹೇಳಲಾರೆ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ಕೈಯಲ್ಲಿ ಮಾರ್ಜಿನ್ನು ಎಳೆಸಿ ಎಳೆಸಿ ಕಣ್ಣಿಗೆ ಅಂಟಿಕೊಂಡದ್ದಿರಬೇಕು. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಕ್ಯಾಲೆಂಡರು ಒಂದು ಬೆರಳಷ್ಟು ವಾಲಿದ್ದರೆ ನನಗೆ ಮಾತಿನ ಮೇಲೆ ಗಮನ ನಿಲ್ಲುವುದಿಲ್ಲ. ಆ ಮನೆಯಾಕೆ ಕಾಫಿ ತರಲು ಒಳಗೆ ಹೋಗಿದ್ದೇ ತಡ, ಎದ್ದು ಅದನ್ನು ನೆಟ್ಟಗೆ ಮಾಡಿ, ಏನೂ ಅರಿಯದವಳಂತೆ ಬಂದು ಕೂರುತ್ತೇನೆ. "ಬೇರೆಯವರು ಹುಟ್ಟುವಾಗ ಅಳ್ತಾ ಹುಟ್ಟಿದ್ರೆ ನೀನು ಸ್ಕೇಲು ಹಿಡ್ಕೊಂಡು ಹುಟ್ಟಿದೀಯ" ಎಂದು ನಮ್ಮವರು ಹೇಳುವುದುಂಟು.

ಆದರೆ ಈ ವಿಷಯದಲ್ಲಿ ನನಗೂ ಒಬ್ಬರು ಗುರುಗಳಿದ್ದರು. ಅವರು ನಮ್ಮ ಅತ್ತೆ. ಮದುವೆಯಾಗಿ ದಾವಣಗೆರೆಗೆ ಬಂದ ವರ್ಷ, ಧನುರ್ಮಾಸದ ಮೊದಲ ಬೆಳಿಗ್ಗೆ, ಹೊಸ ಸೊಸೆಯ ಉತ್ಸಾಹದಲ್ಲಿ ಬಾಗಿಲ ಮುಂದೆ ಹದಿನೈದು ಚುಕ್ಕಿಯ ರಂಗೋಲಿ ಹಾಕಿದ್ದೆ. ಅತ್ತೆ ಹೊರಗೆ ಬಂದು ನಿಂತು ನೋಡಿದರು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಒದ್ದೆ ಬಟ್ಟೆ ತಂದು ಪೂರ್ತಿ ಒರೆಸಿ, ಕುಕ್ಕರಗಾಲಲ್ಲಿ ಕುಳಿತು, ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಹಿಡಿದು ಸಾಲುಸಾಲಾಗಿ ಚುಕ್ಕಿ ಇಟ್ಟರು. ದಾರ ಕಟ್ಟಿ ಅಳೆದರೂ ಒಂದು ಕೂದಲೆಳೆ ಆಚೀಚೆ ಇರಲಿಲ್ಲ. "ಚುಕ್ಕಿ ನೆಟ್ಟಗಿದ್ರೆ ಗೆರೆ ತಾನಾಗಿ ನೆಟ್ಟಗೆ ಬರ್ತದಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರು. ಬಿ.ಎಡ್.ನಲ್ಲಿ ಕಲಿಯದ ಪಾಠವನ್ನು ಅಂದು ಕಲಿತೆ.

ಅಂಥ ಅತ್ತೆಯ ಚುಕ್ಕಿಗಳು ಸಾಲು ಬಿಟ್ಟು ಚದುರತೊಡಗಿದ್ದು 2018ರ ಸುಮಾರಿಗೆ. ಮೊದಮೊದಲು ಕಣ್ಣಿನ ದೋಷ ಎಂದುಕೊಂಡೆವು. ಪೊರೆ ತೆಗೆಸಿದ್ದಾಯಿತು, ಹೊಸ ಕನ್ನಡಕ ಬಂತು. ಚುಕ್ಕಿ ಮಾತ್ರ ಸಾಲಿಗೆ ಬರಲಿಲ್ಲ. ಆಮೇಲೆ ಹೆಸರುಗಳು ಅದಲುಬದಲಾದವು. ಒಲೆಯ ಮೇಲೆ ಹಾಲಿಟ್ಟದ್ದು ಮರೆಯಿತು. ತೀರಿಹೋದ ತಂಗಿ ಇನ್ನೂ ಯಾಕೆ ಬಂದಿಲ್ಲ ಎಂದು ಸಂಜೆಯೆಲ್ಲ ಬಾಗಿಲು ಕಾಯುವುದು ಶುರುವಾಯಿತು. ಡಾಕ್ಟರು ಪರೀಕ್ಷೆ ಮಾಡಿ ಡಿಮೆನ್ಷಿಯಾ, ಮರೆಗುಳಿ ಕಾಯಿಲೆ ಎಂದರು. ಮಾತ್ರೆ ಬರೆದುಕೊಟ್ಟರು. ಮರೆವು ಎಂದಮೇಲೆ ಮರೆವೇ ತಾನೇ, ಹೆಸರು ಮರೆತರೆ ನೆನಪಿಸಿದರಾಯಿತು ಎಂದು ನಾನು ತಿಳಿದೆ. ಅವರ ಕಣ್ಣಿಗೆ ಕಾಣುವ ಮನೆಯೇ ಬೇರೆಯಾಗಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಬಚ್ಚಲುಮನೆಯ ಬಾಗಿಲಲ್ಲಿ ನಾವೊಂದು ಕಪ್ಪು ಮ್ಯಾಟು ಹಾಕಿದ್ದೆವು. ಕೊಳೆ ಕಾಣಬಾರದೆಂದು ನಾನೇ ಆರಿಸಿ ತಂದ ಬಣ್ಣ. ಅತ್ತೆ ಅದರ ಮುಂದೆ ಬಂದು ನಿಂತುಬಿಡುತ್ತಿದ್ದರು. ಸೀರೆಯ ನೆರಿಗೆ ಮೇಲೆತ್ತಿ, ಕಾಲುವೆ ದಾಟುವವರಂತೆ ಒಂದು ಕಾಲು ಮುಂದೆ ಚಾಚಿ, ಮತ್ತೆ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಸಂಜೆ ಪಡುವಣದ ಬಿಸಿಲು ಹಾಲಿನ ಕಿಟಕಿಯಿಂದ ಬಿದ್ದು, ಸರಳುಗಳ ನೆರಳು ನೆಲದ ಮೇಲೆ ಉದ್ದುದ್ದ ಮಲಗಿದರೆ ಆ ಕಡೆಯಿಂದ ಈ ಕಡೆಗೆ ಬರುತ್ತಲೇ ಇರಲಿಲ್ಲ. ಕತ್ತಲಾದ ಮೇಲೆ ಕಿಟಕಿಯ ಗಾಜಿನಲ್ಲಿ ತಮ್ಮದೇ ಮುಖ ಕಂಡು, "ಯಾರೋ ಮುದುಕಿ ನಿಂತವಳೆ, ಒಳಗೆ ಕರೀರಿ, ಪಾಪ" ಎನ್ನುತ್ತಿದ್ದರು. ನಾನು, ನನ್ನ ಸ್ವಭಾವಕ್ಕೆ ತಕ್ಕ ಹಾಗೆ, ತಿದ್ದುತ್ತಿದ್ದೆ. "ಅತ್ತೇ, ಅದು ಮ್ಯಾಟು. ಅತ್ತೇ, ಅದು ನೆರಳು. ಅತ್ತೇ, ಅದು ನೀವೇ." ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ.

ರಂಗೋಲಿಯನ್ನೂ ತಿದ್ದುತ್ತಿದ್ದೆ. ಬೆಳಿಗ್ಗೆ ಅವರು ಹಾಕಿ ಒಳಗೆ ಹೋಗುತ್ತಲೇ, ಎದುರುಮನೆಯವರು ಬಾಗಿಲು ತೆಗೆಯುವ ಮುಂಚೆ, ಒರೆಸಿ ನೆಟ್ಟಗೆ ಹಾಕಿಬಿಡುತ್ತಿದ್ದೆ. ಕೆಲವು ದಿನ ಅವರು ಮತ್ತೆ ಹೊರಗೆ ಬಂದು ಅದನ್ನು ನೋಡುತ್ತ ನಿಲ್ಲುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. 2020ರ ಲಾಕ್‌ಡೌನಿನ ಒಂದು ಬೆಳಿಗ್ಗೆ. ಹತ್ತು ಗಂಟೆಗೆ ನನ್ನ ಆನ್‌ಲೈನ್ ಪಾಠ. ಮೊಬೈಲಿನಲ್ಲಿ ಮಕ್ಕಳು ಕಾಯುತ್ತಿದ್ದಾರೆ. ಅತ್ತೆಗೆ ಸ್ನಾನ ಆಗಬೇಕು. ಅವರು ಮ್ಯಾಟಿನ ಮುಂದೆ ಕಂಬದಂತೆ ನಿಂತಿದ್ದಾರೆ. ಹೇಳಿದೆ, ಗದರಿದೆ, ಕೊನೆಗೆ ಮುಂಗೈ ಹಿಡಿದು ಎಳೆದೆ. ಅವರು ಕೂಗಿಕೊಂಡರು. ಹಠದ ಕೂಗಲ್ಲ, ಬಾವಿಗೆ ತಳ್ಳಿಸಿಕೊಳ್ಳುವವರು ಕೂಗುವ ಕೂಗು. ಸಂಜೆ ನೋಡಿದರೆ ಅವರ ಮುಂಗೈಯ ಮೇಲೆ ನನ್ನ ನಾಲ್ಕು ಬೆರಳು ನೀಲಿಗಟ್ಟಿದ್ದವು. ನಮ್ಮವರು ಕೇಳಿದಾಗ, "ಎಲ್ಲೋ ತಗಲಿಸ್ಕೊಂಡಿರಬೇಕು" ಎಂದೆ. ಅತ್ತೆಗೆ ಅಷ್ಟು ಹೊತ್ತಿಗೆ ಮರೆತುಹೋಗಿತ್ತು. ನನಗೆ ಮರೆಯಲಿಲ್ಲ.

ಇದಾಗಿ ಒಂದು ವಾರಕ್ಕೆ ನಾನು ಆ ಸಿನಿಮಾ ನೋಡಿದೆ. ನೋಡಬೇಕೆಂದು ನೋಡಿದ್ದಲ್ಲ. ಆರ್ಕಿಟೆಕ್ಚರ್ ಓದುತ್ತಿದ್ದ ಮಗಳು ಕಾಲೇಜು ಮುಚ್ಚಿ ಮನೆಗೆ ಬಂದಿದ್ದಳು. ಯಾವುದೋ ಬರವಣಿಗೆಗಾಗಿ ಅವಳು ಜರ್ಮನಿಯ ಒಂದು ಮೂಕಿ ಚಿತ್ರ ನೋಡಬೇಕಿತ್ತು. ಹೆಸರು 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ'. 1920ರ ಫೆಬ್ರವರಿ 26ರಂದು ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ ಕಂಡದ್ದು; ಅಂದರೆ ಆಗತಾನೇ ಅದಕ್ಕೆ ನೂರು ತುಂಬಿತ್ತು. ಲ್ಯಾಪ್‌ಟಾಪನ್ನು ಹಾಲಿನ ಟೀಪಾಯಿಯ ಮೇಲಿಟ್ಟು ಅವಳು ಹಾಕಿದಳು. ನಾನು ಮೆಂತ್ಯದ ಸೊಪ್ಪಿನ ಕಟ್ಟು ಹಿಡಿದು ಕುಳಿತೆ. ಅತ್ತೆ ದಿವಾನದ ಮೇಲೆ ಕಾಲು ಮಡಿಸಿ ಕುಳಿತರು.

ಟಿ.ವಿ. ಧಾರಾವಾಹಿಯಲ್ಲಿ ಒಂದು ಅನುಕೂಲವಿದೆ. ತಲೆ ಬಗ್ಗಿಸಿ ಸೊಪ್ಪು ಬಿಡಿಸುತ್ತಿದ್ದರೂ ಕತೆ ಕಿವಿಗೆ ಬೀಳುತ್ತಿರುತ್ತದೆ. ಮೂಕಿ ಚಿತ್ರದಲ್ಲಿ ಹಾಗಲ್ಲ. ತಲೆ ತಗ್ಗಿಸಿದರೆ ಕತೆ ಹೋಯಿತು. ಹೀಗಾಗಿ ಹತ್ತು ನಿಮಿಷಕ್ಕೆ ಸೊಪ್ಪು ಮೊರದಲ್ಲೇ ಉಳಿಯಿತು.

ಏನೆಂದು ಹೇಳಲಿ! ಆ ಊರಿನಲ್ಲಿ ನೆಟ್ಟಗಿರುವ ಒಂದು ಗೋಡೆಯಿಲ್ಲ. ಮನೆಗಳೆಲ್ಲ ಒಂದರ ಮೇಲೊಂದು ಒರಗಿಕೊಂಡು ಗುಡ್ಡಕ್ಕೆ ಹತ್ತಿವೆ. ಬಾಗಿಲುಗಳು ಮುಕ್ಕೋನ, ಕಿಟಕಿಗಳು ಗಾಳಿಪಟದ ಆಕಾರ. ಬೀದಿ ಹಾವಿನಂತೆ ತಿರುಚಿಕೊಂಡು ಎಲ್ಲೋ ಚೂಪಾಗಿ ಮುಗಿಯುತ್ತದೆ. ಮಾಳಿಗೆಯ ಬಾಡಿಗೆ ಕೋಣೆಯಲ್ಲಿರುವ ಕುರ್ಚಿಯ ಬೆನ್ನು ಮನುಷ್ಯನಿಗಿಂತ ಎತ್ತರ. ನಡುನಡುವೆ ಪರದೆಯ ಮೇಲೆ ಬರುವ ಬರಹವೂ ವಕ್ರವಕ್ರ. ಕೆಂಪು ಪೆನ್ನಿಗಾಗಿ ನನ್ನ ಕೈ ತಡಕಾಡಿತು. "ಇದೇನೇ ಇದು, ಡ್ರಾಯಿಂಗ್ ಮೇಷ್ಟ್ರಿಲ್ಲದ ಊರು!" ಎಂದೆ. "ಅಮ್ಮಾ, ಬೇಕಂತಲೇ ಹಾಗೆ ಮಾಡಿದ್ದಾರೆ, ಸುಮ್ನೆ ನೋಡು" ಎಂದಳು ಮಗಳು.

ಕತೆ ಇಷ್ಟು. ಹೋಲ್‌ಸ್ಟನ್‌ವಾಲ್ ಎಂಬ ಊರಿನ ಜಾತ್ರೆಗೆ ಕ್ಯಾಲಿಗರಿ ಎಂಬ ಮುದುಕ ಬರುತ್ತಾನೆ. ಶವಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಸೆಸಾರೆ ಎಂಬ ಯುವಕನನ್ನು ಮಲಗಿಸಿಕೊಂಡು, ಇವನು ಇಪ್ಪತ್ಮೂರು ವರ್ಷದಿಂದ ನಿದ್ದೆಯಲ್ಲೇ ಇದ್ದಾನೆ, ಎಬ್ಬಿಸಿದರೆ ಭವಿಷ್ಯ ಹೇಳುತ್ತಾನೆ ಎಂದು ಟಿಕೆಟ್ಟು ಹಚ್ಚುತ್ತಾನೆ. ರಾತ್ರಿಯಾದರೆ ಊರಿನಲ್ಲಿ ಕೊಲೆಗಳು. ಕೊಲ್ಲುವವನು ನಿದ್ದೆಯಲ್ಲಿ ನಡೆಯುವ ಆ ಹುಡುಗ, ಕೊಲ್ಲಿಸುವವನು ಮುದುಕ. ಗೆಳೆಯನನ್ನು ಕಳೆದುಕೊಂಡ ಫ್ರಾನ್ಸಿಸ್ ಎಂಬಾತ ಮುದುಕನ ಬೆನ್ನುಹತ್ತಿ ಹೋದರೆ, ಅವನು ಒಂದು ಹುಚ್ಚಾಸ್ಪತ್ರೆಯ ಬಾಗಿಲು ಹೊಕ್ಕುತ್ತಾನೆ. ವಿಚಾರಿಸಿದರೆ ಅವನೇ ಅಲ್ಲಿಯ ಮುಖ್ಯ ವೈದ್ಯ!

ಮುದುಕ ಜಾತ್ರೆಯಲ್ಲಿ ಆಟ ಹೂಡಲು ಪರವಾನಗಿ ಕೇಳಲು ಹೋಗುವ ದೃಶ್ಯವೊಂದಿದೆ. ಕಚೇರಿಯ ಗುಮಾಸ್ತ ಕುಳಿತಿರುವ ಸ್ಟೂಲು ಆಳೆತ್ತರ. ಕೆಳಗೆ ನಿಂತವನು ಕತ್ತೆತ್ತಿಯೇ ಮಾತಾಡಬೇಕು. ಸರ್ಕಾರಿ ಕಚೇರಿಗಳಲ್ಲಿ ನಮಗಾಗುವ ಅನುಭವವನ್ನು ಒಂದು ಸ್ಟೂಲಿನಲ್ಲಿ ಹೇಳಿದ್ದಾರಲ್ಲ ಎಂದು ನಾನು ಮೆಚ್ಚಿಕೊಳ್ಳುವಷ್ಟರಲ್ಲಿ ಅತ್ತೆ, "ಇಳಿಸ್ರಪ್ಪಾ ಅವನ್ನ, ಬಿದ್ದಗಿದ್ದಾನು" ಎಂದರು. ಮಗಳು ನಕ್ಕಳು. ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ ಬೀದಿಯ ದೃಶ್ಯ. ನೆಲದ ಮೇಲೆ ಅಲ್ಲಲ್ಲಿ ಕಪ್ಪು ಕಪ್ಪು ಪಟ್ಟೆಗಳು. ಒಬ್ಬ ನಡೆದು ಬರುತ್ತಿದ್ದಾನೆ. ಅತ್ತೆ ತಟ್ಟನೆ ಮುಂದಕ್ಕೆ ಬಾಗಿ, ಪರದೆಯ ಮೇಲಿನ ಆ ಮನುಷ್ಯನಿಗೆ, "ಹುಷಾರು ಕಣಪ್ಪಾ, ಅಲ್ಲಿ ಗುಂಡಿ ಐತೆ" ಎಂದರು.

ಮಗಳು ಚಿತ್ರ ನಿಲ್ಲಿಸಿದಳು. "ಅದು ನೆರಳು ಅಜ್ಜಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಜವಾಗಿ ನೋಡಿದ್ರೆ ನೆರಳೂ ಅಲ್ಲಮ್ಮ. ಬಣ್ಣ. ನೆಲಕ್ಕೆ ಕಪ್ಪು ಬಣ್ಣ ಬಳಿದಿದ್ದಾರೆ" ಎಂದಳು.

ನಾನು ಪರದೆ ನೋಡಿದೆ. ಬಚ್ಚಲುಮನೆಯ ಬಾಗಿಲ ಕಡೆ ನೋಡಿದೆ. ಕಪ್ಪು ಮ್ಯಾಟು ಬಿಳಿಯ ಟೈಲ್ಸಿನ ನಡುವೆ ಬಿದ್ದುಕೊಂಡಿತ್ತು. ಎರಡು ವರ್ಷದಲ್ಲಿ ಮೊದಲ ಸಲ ನನಗೆ ಅದು ಗುಂಡಿಯಂತೆ ಕಂಡಿತು.

ಮಗಳು ಆ ಚಿತ್ರದ ಬಗ್ಗೆ ಓದಿಕೊಂಡಿದ್ದಳು. ಉಳಿದದ್ದನ್ನು ನಾನು ಆಮೇಲೆ ಹುಡುಕಿ ಓದಿದೆ. ಚಿತ್ರೀಕರಣವಾದದ್ದು ಮೊದಲ ಮಹಾಯುದ್ಧ ಮುಗಿದು ಒಂದು ವರ್ಷವಾದ ಮೇಲೆ, ಬರ್ಲಿನ್ನಿನ ಒಂದು ಸಣ್ಣ ಸ್ಟುಡಿಯೋದ ನಾಲ್ಕು ಗೋಡೆಗಳ ಒಳಗೆ. ಬೀದಿ, ಸೇತುವೆ, ಜಾತ್ರೆ, ಬೆಟ್ಟದ ದಾರಿ, ಎಲ್ಲವೂ ಒಳಗೇ. ನಿರ್ದೇಶಕ ರಾಬರ್ಟ್ ವೀನೆ. ಕತೆ ಬರೆದವರು ಕಾರ್ಲ್ ಮೇಯರ್ ಮತ್ತು ಹಾನ್ಸ್ ಯಾನೋವಿಟ್ಸ್. ಆದರೆ ಆ ಊರನ್ನು ಕಟ್ಟಿದವರು ಹರ್ಮನ್ ವಾರ್ಮ್, ವಾಲ್ಟರ್ ರೈಮನ್, ವಾಲ್ಟರ್ ರೋರಿಗ್ ಎಂಬ ಮೂವರು ಕಲಾವಿದರು. ಕಟ್ಟಿದರು ಎನ್ನುವುದಕ್ಕಿಂತ ಬರೆದರು ಎನ್ನಬೇಕು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಅದರ ಮೇಲೆ ಮನೆ, ಮರ, ಆಕಾಶ ಎಲ್ಲವನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಬೆಳಕನ್ನು ಕೂಡ ಬರೆದಿದ್ದಾರೆ! ಬೀದಿದೀಪದ ಸುತ್ತ ನೆಲದ ಮೇಲೆ ಬಿದ್ದಿರುವ ಬೆಳಕಿನ ಕಿರಣಗಳು ಬಿಳಿಯ ಬಣ್ಣ. ಮೂಲೆಯಲ್ಲಿ ಕವಿದಿರುವ ಕತ್ತಲೆ ಕಪ್ಪು ಬಣ್ಣ. ಜರ್ಮನಿಯವರು 2014ರಲ್ಲಿ ಹಳೆಯ ಮೂಲ ನೆಗೆಟಿವಿನಿಂದ ಚೊಕ್ಕಟ ಮಾಡಿ ಹೊರತಂದ ಪ್ರತಿಯಲ್ಲಿ ಕುಂಚದ ಗೀರುಗಳು ಕೂಡ ಎದ್ದು ಕಾಣುತ್ತವೆ.

ಬಣ್ಣ ಬಳಿದ ಪರದೆ ನನಗೆ ಹೊಸದೇನೂ ಅಲ್ಲ. ಚಿಕ್ಕಂದಿನಲ್ಲಿ ಜಾತ್ರೆಗೆ ಬರುತ್ತಿದ್ದ ಕಂಪನಿ ನಾಟಕಗಳಲ್ಲಿ ಬೀದಿಯ ಪರದೆ, ಕಾಡಿನ ಪರದೆ, ಅರಮನೆಯ ಪರದೆ ಎಂದು ಸುರುಳಿ ಬಿಚ್ಚಿಕೊಳ್ಳುತ್ತಿದ್ದವು. ಆ ಪರದೆ ಬರೆಯುವವರ ಆಸೆಯೆಲ್ಲ ಒಂದೇ: ನೋಡಿದವರು 'ಅಬ್ಬಾ, ನಿಜವಾದ ಬೀದಿಯ ಹಾಗೇ ಇದೆ' ಎನ್ನಬೇಕು. ಪಾಪ, ಪಾತ್ರಧಾರಿ ಹಿಂದಕ್ಕೆ ಸರಿದರೆ ಎರಡು ಅಂತಸ್ತಿನ ಮನೆಗಿಂತ ಅವನೇ ಎತ್ತರವಾಗಿಬಿಡುತ್ತಿದ್ದ. ಅದು ಬೇರೆ ಮಾತು. ಈ ಮೂವರು ಜರ್ಮನರದು ತದ್ವಿರುದ್ಧ ದಾರಿ. ಬೀದಿ ಹೇಗಿದೆ ಎಂದು ಅವರು ತೋರಿಸಲಿಲ್ಲ. ಹೆದರಿದವನ ಕಣ್ಣಿಗೆ ಬೀದಿ ಹೇಗೆ ಕಾಣುತ್ತದೆ ಎಂದು ತೋರಿಸಿದರು. ಆಗ ಅಲ್ಲಿಯ ಚಿತ್ರಕಲೆಯಲ್ಲಿ, ನಾಟಕದಲ್ಲಿ ಬೇರೂರಿದ್ದ ಈ ಬಗೆಗೆ ಎಕ್ಸ್‌ಪ್ರೆಷನಿಸಂ ಎಂದು ಹೆಸರು. ಕಣ್ಣು ಕಂಡದ್ದನ್ನಲ್ಲ, ಒಳಗೆ ಕುದಿಯುವುದನ್ನು ಬರೆಯುವ ರೀತಿ.

ನಟರಲ್ಲಿ ಇಬ್ಬರು ಈ ಊರಿಗೆ ಪೂರ್ತಿ ಒಗ್ಗಿಕೊಂಡಿದ್ದಾರೆ. ಮುದುಕನಾದ ವರ್ನರ್ ಕ್ರೌಸ್ ಒಂದು ಕಪ್ಪೆಯಂತೆ ಮುದುಡಿ ಮುದುಡಿ ನಡೆಯುತ್ತಾನೆ. ಸೆಸಾರೆಯಾದ ಕಾನ್ರಾಡ್ ವೈಟ್, ಕಪ್ಪು ಉಡುಪಿನ ತೆಳ್ಳಗಿನ ಆಳು, ಗೋಡೆಗೆ ಬೆನ್ನು ತಾಗಿಸಿಕೊಂಡು ಜಾರುತ್ತ ಬರುವಾಗ ಗೋಡೆಯ ಮೇಲೆ ಬರೆದ ನೆರಳೊಂದು ಎದ್ದು ಬಂದಂತಿರುತ್ತದೆ. ಜೇನ್ ಎಂಬ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ವಾಲಿದ ಮಾಡುಗಳ ಮೇಲೆ ಅವನು ಓಡುವಾಗ ನಾನು ಸೊಪ್ಪಿನ ಕಡ್ಡಿಯನ್ನು ಬಿಗಿಯಾಗಿ ಹಿಡಿದಿದ್ದೆ.

ಆಗ ನನಗೆ 'ಶರಪಂಜರ' ನೆನಪಾಯಿತು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ಮಾಡಿದ, 1971ರ ಆ ಚಿತ್ರವನ್ನು ನೋಡಿ ಅಳದ ಹೆಂಗಸರು ನಮ್ಮ ತಲೆಮಾರಿನಲ್ಲಿ ಯಾರಿದ್ದಾರೆ? ಅಲ್ಲಿ ಕಾವೇರಿಯ ಮನಸ್ಸು ಒಡೆಯುತ್ತದೆ. ಆದರೆ ಅವಳ ಮನೆ ನೆಟ್ಟಗೇ ನಿಂತಿರುತ್ತದೆ. ಒಳಗಿನ ಬಿರುಗಾಳಿಯನ್ನೆಲ್ಲ ಕಲ್ಪನಾ ಒಬ್ಬಳೇ ತನ್ನ ಕಣ್ಣಿನಲ್ಲಿ, ಮುಖದಲ್ಲಿ ಹೊತ್ತಳು. ನಾವು ಹೊರಗೆ ನಿಂತು ಅವಳಿಗಾಗಿ ಅತ್ತೆವು. ಈ ಜರ್ಮನ್ ಚಿತ್ರದಲ್ಲಿ ಆ ಭಾರವನ್ನು ಗೋಡೆ, ಕಿಟಕಿ, ನೆಲ ಹೊತ್ತಿವೆ. ಹೊರಗೆ ನಿಂತು ಅಳಲು ಇಲ್ಲಿ ನೋಡುವವರಿಗೆ ಜಾಗವಿಲ್ಲ. ಒಂದೂಕಾಲು ಗಂಟೆ ನಾವೇ ಆ ಕಣ್ಣಿನ ಒಳಗೆ ಕುಳಿತಿರುತ್ತೇವೆ. ಅದು ಕಷ್ಟ. ಅತ್ತೆ ಮಾತ್ರ ನಿರಾಳವಾಗಿ ನೋಡುತ್ತಿದ್ದರು. ಇಂಥ ಊರು ತಮಗೆ ಗೊತ್ತಿರುವುದೇ ಎಂಬಂತೆ.

ಕತೆಯ ಕೊನೆಗೊಂದು ತಿರುವಿದೆ. ಚಿತ್ರ ಶುರುವಾಗುವಾಗಲೇ ಫ್ರಾನ್ಸಿಸ್ ಒಂದು ಬೆಂಚಿನ ಮೇಲೆ ಕುಳಿತು ಇನ್ನೊಬ್ಬನಿಗೆ ಈ ಕತೆ ಹೇಳುತ್ತಿರುತ್ತಾನೆ. ಕತೆ ಮುಗಿದು ಅವನು ಎದ್ದು ಒಳಗೆ ಹೋದಾಗ ಗೊತ್ತಾಗುತ್ತದೆ, ಅದು ಹುಚ್ಚಾಸ್ಪತ್ರೆಯ ಅಂಗಳ. ಅವನೇ ಅಲ್ಲಿಯ ರೋಗಿ. ಸೆಸಾರೆ, ಜೇನ್ ಅಲ್ಲಿಯ ರೋಗಿಗಳೇ. ಅವನು ಕ್ಯಾಲಿಗರಿ ಎಂದದ್ದು ಅಲ್ಲಿಯ ವೈದ್ಯನನ್ನು. ವೈದ್ಯನ ಮೇಲೆ ಬಿದ್ದ ಅವನ ಕೈಗಳನ್ನು ಕಟ್ಟಿ ಕೋಣೆಗೆ ಹಾಕುತ್ತಾರೆ. ತನ್ನ ಕತೆಯಲ್ಲಿ ಮುದುಕನನ್ನು ಯಾವ ಕೋಣೆಗೆ ಹಾಕಿಸಿದ್ದನೋ ಅದೇ ಕೋಣೆ. ವೈದ್ಯ ಕನ್ನಡಕ ಸರಿಮಾಡಿಕೊಂಡು, ಇವನ ರೋಗ ನನಗೀಗ ತಿಳಿಯಿತು, ಗುಣಪಡಿಸುವ ದಾರಿಯೂ ತಿಳಿಯಿತು ಎನ್ನುತ್ತಾನೆ. ಈ ಕೊನೆಯ ಬಗ್ಗೆ ದೊಡ್ಡ ದೊಡ್ಡವರ ಜಗಳವೇ ನಡೆದಿದೆ. ಅಧಿಕಾರದಲ್ಲಿದ್ದವನ ದೌರ್ಜನ್ಯದ ಕತೆಯನ್ನು 'ಅಯ್ಯೋ, ಇದು ಹುಚ್ಚನ ಮಾತು' ಎಂದು ತಿರುಗಿಸಿ, ಅಧಿಕಾರವನ್ನೇ ಒಳ್ಳೆಯದು ಮಾಡಿಬಿಟ್ಟರು ಎಂದು ಕ್ರಾಕೌವರ್ ಎಂಬ ವಿಮರ್ಶಕ 1947ರ ತನ್ನ ಪುಸ್ತಕದಲ್ಲಿ ದೂರಿದ. ಹಿಟ್ಲರನ ಕಾಲವನ್ನು ಕಂಡು, ದೇಶ ಬಿಟ್ಟು ಹೋಗಿದ್ದವನ ಮಾತು ಅದು.

ನನ್ನನ್ನು ಕಾಡಿದ್ದು ಇನ್ನೂ ಸಣ್ಣ ಸಂಗತಿ. ಸೊಟ್ಟ ಊರು ರೋಗಿಯ ಕಣ್ಣಿನದು ಎನ್ನುವುದಾದರೆ, ಕತೆ ಮುಗಿದ ಮೇಲೆ ಗೋಡೆಗಳು ನೆಟ್ಟಗಾಗಬೇಕಲ್ಲವೇ? 1951ರ 'ಆವಾರಾ' ಚಿತ್ರದಲ್ಲಿ ಕಲಾ ನಿರ್ದೇಶಕ ಎಂ.ಆರ್. ಆಚ್ರೇಕರ್ ಮೋಡ, ಮೆಟ್ಟಿಲು, ಆಳೆತ್ತರದ ಮೂರ್ತಿಗಳಿಂದ ಒಂದು ಕನಸಿನ ಲೋಕ ಕಟ್ಟಿದ್ದಾರೆ. ಕನಸು ಮುಗಿದರೆ ಲೋಕ ಮೊದಲಿನಂತಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಆಸ್ಪತ್ರೆಯ ಅಂಗಳ ಕತೆಯಲ್ಲಿ ಹೇಗಿತ್ತೋ ಕೊನೆಯಲ್ಲೂ ಹಾಗೇ. ನೆಲದ ಮೇಲೆ ಬರೆದ ಅದೇ ಪಟ್ಟೆಗಳು, ಅದೇ ವಕ್ರ ಕಮಾನುಗಳು. 'ನೀನು ಹೇಳಿದ್ದು ಸುಳ್ಳು' ಎಂದು ಅವನಿಗೆ ಹೇಳಿಯಾಯಿತು, ಕೈ ಕಟ್ಟಿಯೂ ಆಯಿತು. ಅವನ ಗೋಡೆ ಮಾತ್ರ ಒಂದು ಅಂಗುಲವೂ ನೆಟ್ಟಗಾಗಲಿಲ್ಲ.

'ಅತ್ತೇ, ಅದು ಮ್ಯಾಟು' ಎಂದು ನಾನು ದಿನಕ್ಕೆ ಇಪ್ಪತ್ತು ಸಲ ಹೇಳಿದ್ದೂ ಅಷ್ಟೇ ತಾನೇ?

ಅಂದು ರಾತ್ರಿ ಆ ಮ್ಯಾಟನ್ನು ಸುತ್ತಿ ಅಟ್ಟಕ್ಕೆ ಹಾಕಿದೆ. ಮರುದಿನ ಬೆಳಿಗ್ಗೆ ಅತ್ತೆ ಬಚ್ಚಲುಮನೆಯ ಬಾಗಿಲಿಗೆ ಬಂದರು, ಒಂದು ಕ್ಷಣ ನೆಲ ನೋಡಿದರು, ಒಳಗೆ ಹೋದರು. ಅಷ್ಟೇ. ಎರಡು ವರ್ಷದ ಜಗಳ ಅಲ್ಲಿಗೆ ಮುಗಿಯಿತು. ನಾನು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ.

ಆಮೇಲೆ ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. ಈ ಕಾಯಿಲೆಯಲ್ಲಿ ಬರೀ ನೆನಪಲ್ಲ, ಕಂಡದ್ದನ್ನು ಮೆದುಳು ಅರ್ಥಮಾಡಿಕೊಳ್ಳುವ ಬಗೆಯೂ ಕೆಡಬಹುದು ಎಂದರು. ಆಳ, ದೂರ ಅಂದಾಜಾಗುವುದಿಲ್ಲ. ತಿಳಿ ಬಣ್ಣದ ನೆಲದ ಮೇಲೆ ಕಪ್ಪು ಬಿದ್ದರೆ ಹಳ್ಳ. ಹೊಳೆಯುವ ಟೈಲ್ಸು ನೀರು. ಕನ್ನಡಿಯಲ್ಲಿ ಕಾಣುವವರು ಪರಕೀಯರು. ಸಂಜೆ ಹೊತ್ತು ನೆರಳು ಉದ್ದವಾದಷ್ಟೂ ಗಾಬರಿ ಹೆಚ್ಚು. ಕಣ್ಣು ನೆಟ್ಟಗಿದ್ದರೂ ಕಾಣುವುದು ಹೀಗೆ. ಈ ಕಾಯಿಲೆಗಳಲ್ಲಿ ಹೆಚ್ಚು ಕಾಣುವ ಅಲ್ಝೈಮರಿನ ಚರಿತ್ರೆ ಓದಿದಾಗ ಇನ್ನೊಂದು ವಿಷಯ ತಿಳಿಯಿತು. ಅದೂ ಜರ್ಮನಿಯದೇ. 1901ರಲ್ಲಿ ಫ್ರಾಂಕ್‌ಫರ್ಟಿನ ಹುಚ್ಚಾಸ್ಪತ್ರೆಗೆ ಅಗಸ್ಟೆ ಡೀಟರ್ ಎಂಬ ಹೆಂಗಸನ್ನು ಸೇರಿಸಿದರು. ಅಲೋಯ್ಸ್ ಅಲ್ಝೈಮರ್ ಎಂಬ ವೈದ್ಯರು ಅವಳೊಡನೆ ಕುಳಿತು ಮಾತಾಡಿ, ಅವಳು ಹೇಳಿದ್ದನ್ನು ಬರೆದಿಟ್ಟುಕೊಂಡರು. 1906ರಲ್ಲಿ ಅವಳು ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ ಈ ರೋಗವನ್ನು ಲೋಕಕ್ಕೆ ತಿಳಿಸಿದರು. ಸೇರಿಸಿದಾಗ ಅವಳ ವಯಸ್ಸು ಐವತ್ತೊಂದು. ಇದನ್ನು ಓದುವಾಗ ನನಗೂ ಐವತ್ತು ದಾಟಿತ್ತು.

ಕ್ಯಾಲಿಗರಿಯ ಊರಿನಲ್ಲಿ ನೆರಳು ಬಣ್ಣದ್ದು. ದೀಪ ಹಚ್ಚಿದರೂ ಹೋಗದು. ನಮ್ಮ ಮನೆಯದು ಹಾಗಲ್ಲವಲ್ಲ! ಸಂಜೆ ಐದಕ್ಕೇ ಹಾಲಿನ ಕಿಟಕಿಗೆ ದಪ್ಪ ಪರದೆ ಎಳೆದು ಎರಡು ಟ್ಯೂಬ್‌ಲೈಟು ಹಾಕತೊಡಗಿದೆವು. ಸರಳಿನ ನೆರಳೂ ಹೋಯಿತು, ಗಾಜಿನ ಮುದುಕಿಯೂ ಹೋದಳು. ಕನ್ನಡಿಯ ಮೇಲೊಂದು ಟವಲು ಇಳಿಬಿಟ್ಟೆ. ನಮ್ಮವರು "ಕರೆಂಟು ಬಿಲ್ಲು" ಎಂದು ಗೊಣಗಿ, ನನ್ನ ಮುಖ ನೋಡಿ ಸುಮ್ಮನಾದರು. ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಕಾಯಿಲೆ ತನ್ನ ದಾರಿಯಲ್ಲಿ ತಾನು ಹೋಯಿತು. ಹೊಸ ಹೊಸ ಹಳ್ಳಗಳು ಕಾಣಿಸಿಕೊಂಡವು. ಕೆಲವಕ್ಕೆ ನಮ್ಮಲ್ಲಿ ದೀಪವಿರಲಿಲ್ಲ. ಆದರೆ ಎಳೆಯುವುದನ್ನು ಬಿಟ್ಟೆ. ಅವರು ನಿಂತರೆ ನಾನೂ ಪಕ್ಕದಲ್ಲಿ ನಿಂತು, "ಎಲ್ಲಿದೆ ಅತ್ತೇ?" ಎಂದು ಕೇಳುತ್ತಿದ್ದೆ. ಅವರು ಬೆರಳು ತೋರಿಸಿದರೆ ಇಬ್ಬರೂ ಸುತ್ತಿಬಳಸಿ ಹೋಗುತ್ತಿದ್ದೆವು. ಎಂಟು ಅಡಿಯ ದಾರಿಗೆ ಐದು ನಿಮಿಷ ಹಿಡಿಯುತ್ತಿತ್ತು. ಲಾಕ್‌ಡೌನಿನಲ್ಲಿ ನಮಗೆ ಬೇರೆ ಎಲ್ಲಿಗೆ ಹೋಗುವುದಿತ್ತು?

ಬೆಳಗಿನ ರಂಗೋಲಿಯನ್ನು ಮತ್ತೆ ಒರೆಸಲಿಲ್ಲ. ಚುಕ್ಕಿಗಳು ಅಂಗಳದ ತುಂಬ ಹಾರಾಡುತ್ತಿದ್ದವು. ಗೆರೆಗಳು ಒಂದನ್ನು ಹಿಡಿಯಲು ಹೋಗಿ ಇನ್ನೊಂದನ್ನು ಹಿಡಿದು, ಕೆಲವು ದಿನ ಹೊಸ್ತಿಲನ್ನೇ ಹತ್ತಿಬಿಡುತ್ತಿದ್ದವು. ಎದುರುಮನೆಯವರು ಒಂದು ದಿನ, "ಏನ್ರೀ ಟೀಚರ್, ರಂಗೋಲಿ ಹೀಗೆ?" ಎಂದರು. "ನಮ್ಮ ಅತ್ತೆ ಹಾಕಿದ್ದು ಕಣ್ರೀ" ಎಂದೆ. ಅಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು.

ಅತ್ತೆ 2022ರ ಶ್ರಾವಣದಲ್ಲಿ ತೀರಿಕೊಂಡರು. ಮುಂಗೈಯ ಆ ನೀಲಿ ಗುರುತು ವಾರದಲ್ಲೇ ಮಾಸಿತ್ತು. ಕ್ಷಮೆ ಕೇಳಲು ನನಗೆ ಬೇಕಾದಷ್ಟು ದಿನಗಳಿದ್ದವು. ಒಂದು ಸಂಜೆ ಕೇಳಿಯೂ ಕೇಳಿದೆ. ಯಾರಿಗೆ, ಯಾತಕ್ಕೆ ಎಂದು ಅವರಿಗೆ ತಿಳಿಯಲಿಲ್ಲ. ನನ್ನ ಕೈ ಹಿಡಿದುಕೊಂಡು, "ಊಟ ಆಯ್ತೇನಮ್ಮ?" ಎಂದರು.

ಮಗಳು ತನ್ನ ಕಾಲೇಜಿನ ಬರಹದ ಕೊನೆಯ ಪುಟಕ್ಕೆ ಅಜ್ಜಿಯ ಒಂದು ರಂಗೋಲಿಯ ಫೋಟೋ ಅಂಟಿಸಿದ್ದಳು. ಅದರ ದೊಡ್ಡ ಪ್ರತಿಯೊಂದನ್ನು ತೆಗೆಸಿ, ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೇವೆ. ಬಂದವರು ಅದೇನೋ ನವ್ಯ ಚಿತ್ರವೆಂದುಕೊಳ್ಳುತ್ತಾರೆ. ಒಳಗಿನ ಗೆರೆಗಳು ಹೇಗೆಂದರೆ ಹಾಗೆ ಓಡಿವೆ. ನಾನು ಅವುಗಳ ಸುದ್ದಿಗೆ ಹೋಗುವುದಿಲ್ಲ. ಫ್ಯಾನಿನ ಗಾಳಿಗೆ ಕಟ್ಟು ವಾಲಿದಾಗ ಮಾತ್ರ, ಯಾರೂ ನೋಡದಾಗ, ಎದ್ದು ಹೋಗಿ ನೆಟ್ಟಗೆ ಮಾಡಿ ಬರುತ್ತೇನೆ. ಹುಟ್ಟುಗುಣ, ಅಷ್ಟು ಬೇಗ ಹೋಗುವುದಿಲ್ಲ.